ಮೊದಲು ಪೆಲೆಟ್, ಆಮೇಲೆ ಸ್ಕೋಪ್

2022ರ ರಾಷ್ಟ್ರೀಯ ಕ್ರೀಡಾಕೂಟದ ರೈಫಲ್ ಶೂಟಿಂಗ್ ಸ್ಪರ್ಧೆ ನಡೆದದ್ದು ಅಹಮದಾಬಾದಿನ ಖಾನ್‌ಪುರದ ರೈಫಲ್ ಕ್ಲಬ್ಬಿನಲ್ಲಿ. ಮಹಿಳೆಯರ 10 ಮೀಟರ್ ಏರ್ ರೈಫಲ್ ಚಿನ್ನ ಗೆದ್ದದ್ದು ಅದೇ ಊರಿನಲ್ಲಿ ಬೆಳೆದ ಇಳವೆನಿಲ್ ವಾಳರಿವನ್. ಈ ಸ್ಪರ್ಧೆಯಲ್ಲಿ ದುರ್ಬೀನಿನಂಥ ಸ್ಕೋಪ್‌ಗೆ ಅವಕಾಶವೇ ಇಲ್ಲ. ಸಣ್ಣ ರಂಧ್ರದಲ್ಲಿ ನೋಡಿ ಗುರಿ ಹಿಡಿಯಬೇಕು. ಗುರಿಹಾಳೆಯ ನಟ್ಟನಡುವಿನ ಹತ್ತರ ಚುಕ್ಕೆಯ ಅಗಲ ಬರೀ ಅರ್ಧ ಮಿಲಿಮೀಟರ್.

ಅಂಥ ಚುಕ್ಕೆಗೆ ಹೊಡೆಯುವವರು ಸ್ಕೋಪಿಲ್ಲದೆ ಸೈರಿಸಿಕೊಳ್ಳುತ್ತಾರೆ, ಆದರೆ ಏರ್ ರೈಫಲ್ಲಿನ ಪುಟ್ಟ ಗುಂಡಾದ ಪೆಲೆಟ್ ವಿಷಯದಲ್ಲಿ ಒಂದಿಷ್ಟೂ ರಾಜಿಯಾಗುವುದಿಲ್ಲ. ಹೊಸ ಹವ್ಯಾಸಿಗಳದು ಇದಕ್ಕೆ ತಿರುಗುಮುರುಗು: ದುಬಾರಿ ಸ್ಕೋಪ್ ಮೊದಲು, ಅಂಗಡಿಯವ ಕೊಟ್ಟ ಪೆಲೆಟ್ ಡಬ್ಬಿ ಆಮೇಲೆ.

4.5 ಎಂದು ಡಬ್ಬಿಯ ಮೇಲಿದ್ದರೂ ಪೆಲೆಟ್ಟಿನ ತಲೆ 4.49ರಿಂದ 4.52 ಮಿಲಿಮೀಟರ್‌ವರೆಗೆ ಬೇರೆ ಬೇರೆ ಅಳತೆಗಳಲ್ಲಿ ಸಿಗುತ್ತದೆ. ಒಂದು ಬ್ಯಾರಲ್‌ಗೆ ಒಗ್ಗಿದ್ದು ಅದೇ ಕಂಪನಿಯ ಇನ್ನೊಂದು ಬ್ಯಾರಲ್‌ಗೆ ಒಗ್ಗದೆ ಹೋಗಬಹುದು. ಅದಕ್ಕೇ ದೊಡ್ಡ ಸ್ಪರ್ಧಿಗಳು ರೈಫಲನ್ನು ಇಕ್ಕಳದಂಥ ವೈಸ್‌ನಲ್ಲಿ ಬಿಗಿದು ಒಂದೊಂದು ಲಾಟ್, ಅಂದರೆ ಒಟ್ಟಿಗೆ ತಯಾರಾದ ಕಂತು, ಹೊಡೆದು ನೋಡುತ್ತಾರೆ. ಯಾವುದರ ತೂತುಗಳು ಒತ್ತಾಗಿ ಬೀಳುತ್ತವೋ ಆ ಲಾಟನ್ನೇ ಹೊತ್ತುಕೊಂಡು ಬರುತ್ತಾರೆ. ಕಾಗದಕ್ಕೆ ಹೊಡೆಯುವುದಾದರೆ ಚಪ್ಪಟೆ ತಲೆಯದೇ ಸರಿ, ದುಂಡಗೆ ಕತ್ತರಿಸಿದಂಥ ತೂತು ಮಾಡುತ್ತದೆ. 25 ಮೀಟರ್ ದಾಟಿದರೆ ಗುಂಡುತಲೆಯದು ಲೇಸು.

ತೂಕದ ಮಾತಿಗೆ ಬಂದರೆ ಸೂರತ್ತಿನವರು ಅದೃಷ್ಟವಂತರು. ಮಹಿಧರಪುರಾದ ವಜ್ರದ ಬಜಾರಿನಲ್ಲಿ ದಲಾಲರ ಕೈಯಲ್ಲಿರುವ ಪುಟ್ಟ ಕ್ಯಾರೆಟ್ ತಕ್ಕಡಿ ಪೆಲೆಟ್ ವಿಂಗಡಿಸುವುದಕ್ಕೂ ಹೇಳಿ ಮಾಡಿಸಿದ್ದು. 0.53 ಗ್ರಾಮಿನ ಮ್ಯಾಚ್ ಪೆಲೆಟ್ ಅದರಲ್ಲಿ 2.65 ಕ್ಯಾರೆಟ್ ತೋರಿಸುತ್ತದೆ. 2.60 ಬಂದದ್ದನ್ನು ಬೇರೆ ಡಬ್ಬಿಗೆ ಹಾಕಬೇಕು. ಅಂಚು ನೆಗ್ಗಿದ್ದನ್ನು ತೂಗುವುದೇ ಬೇಡ, ಎಸೆಯಬೇಕು.

ಈಗ ಸ್ಕೋಪ್. ವಡೋದರದ ಹೊರವಲಯದ ತೋಟದಲ್ಲಿ ಸ್ಪ್ರಿಂಗ್ ರೈಫಲ್ ಹಿಡಿದು ಕೂತವರು ಒಂದು ಸಂಗತಿ ತಿಳಿದಿರಲೇಬೇಕು. ಸ್ಪ್ರಿಂಗ್ ಬಂದೂಕು ಮೊದಲು ಹಿಂದಕ್ಕೆ ಒದೆಯುತ್ತದೆ, ಮರುಕ್ಷಣವೇ ಮುಂದಕ್ಕೆ ಜಗ್ಗುತ್ತದೆ. ಈ ಎರಡೂ ಕಡೆಯ ಏಟಿಗೆಂದೇ ಮಾಡಿದ ಸ್ಕೋಪ್ ಬೇಕು. ಇಲ್ಲವಾದರೆ ಒಳಗಿನ ಲೆನ್ಸೇ ಸಡಿಲವಾಗುತ್ತದೆ. ಸ್ಕೋಪನ್ನು ರೈಫಲಿಗೆ ಕೂರಿಸುವ ಮೌಂಟ್ ಜಾರದಂತೆ ತಡೆಯುವ ಪಿನ್ ಇರಬೇಕು. ಸ್ಕ್ರೂಗಳನ್ನು ಪ್ರತಿ ಸಲವೂ ನೋಡಬೇಕು. ಕೈಯಲ್ಲಿ ರೈಫಲನ್ನು ಗಟ್ಟಿಯಾಗಿ ಅಮುಕಬಾರದು. ಅಂಗೈ ಮೇಲೆ ಹಗುರಾಗಿ ಕೂರಿಸಿ, ಪ್ರತಿ ಗುಂಡಿಗೂ ಅದೇ ಜಾಗದಲ್ಲಿ ಹಿಡಿಯಬೇಕು.

ಝೀರೋ ಮಾಡುವಾಗ, ಅಂದರೆ ಗುಂಡು ಬೀಳುವ ಜಾಗಕ್ಕೆ ಸ್ಕೋಪಿನ ಗುರಿಯನ್ನು ಹೊಂದಿಸುವಾಗ, ಹೆಚ್ಚಿನವರು ಎಡವುವುದು ಸ್ಕೋಪಿನ ತಿರುಗಣೆಯ ಕ್ಲಿಕ್ ಲೆಕ್ಕದಲ್ಲಿ. ಒಂದು ಕ್ಲಿಕ್‌ಗೆ ಕಾಲು ಇಂಚು ಎಂದು ಸ್ಕೋಪ್ ಮೇಲೆ ಬರೆದಿರುವುದು 100 ಗಜದ ಲೆಕ್ಕ. 10 ಮೀಟರಿನಲ್ಲಿ ಅದೇ ಕ್ಲಿಕ್ ಸುಮಾರು 0.7 ಮಿಲಿಮೀಟರ್ ಮಾತ್ರ ಸರಿಯುತ್ತದೆ. ಗುಂಡು ಮೂರು ಸೆಂಟಿಮೀಟರ್ ಕೆಳಗೆ ಬಿದ್ದರೆ ನಾಲ್ಕೈದು ಕ್ಲಿಕ್ ತಿರುಗಿಸಿ ಸುಮ್ಮನಾದರೆ ಆಗದು, ನಲವತ್ತಕ್ಕೂ ಹೆಚ್ಚು ತಿರುಗಿಸಬೇಕು! ಅದೂ ಒಂದೇ ಗುಂಡು ನೋಡಿ ಅಲ್ಲ. ಐದು ಹೊಡೆದು, ಆ ಗುಂಪಿನ ನಡುಬಿಂದುವಿನಿಂದ ಅಳೆದು.

ಸ್ಕೋಪ್ ಬ್ಯಾರಲ್‌ಗಿಂತ ನಾಲ್ಕೈದು ಸೆಂಟಿಮೀಟರ್ ಮೇಲಿರುತ್ತದೆ. ಹಾಗಾಗಿ ಪೆಲೆಟ್ ದೃಷ್ಟಿರೇಖೆಯನ್ನು ಏರುವಾಗ ಒಮ್ಮೆ, ಇಳಿಯುವಾಗ ಇನ್ನೊಮ್ಮೆ ದಾಟುತ್ತದೆ. ಹೆಚ್ಚಾಗಿ ಎಷ್ಟು ದೂರಕ್ಕೆ ಹೊಡೆಯುತ್ತೀರೋ ಆ ದೂರಕ್ಕೇ ಕೊನೆಯ ಝೀರೋ ಮಾಡಿ. ಜನವರಿಯ ಬೆಳಗ್ಗೆ ಹೊಂದಿಸಿದ್ದನ್ನು ಬೇಸಿಗೆಯಲ್ಲಿ ಮತ್ತೆ ನೋಡಿ. 2016ರ ಮೇ 20ರಂದು ಅಹಮದಾಬಾದಿನಲ್ಲಿ 48 ಡಿಗ್ರಿ ಮುಟ್ಟಿತ್ತು, ಅಂಥ ಬಿಸಿಲಿಗೆ ಸ್ಪ್ರಿಂಗ್‌ಗೆ ಹಚ್ಚಿದ ಗ್ರೀಸ್ ತೆಳುವಾಗಿ ಪೆಲೆಟ್ಟಿನ ವೇಗವೇ ಬದಲಾಗುತ್ತದೆ.

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿಲಿಮೀಟರ್ ಬೋರ್ ಮತ್ತು 20 ಜೂಲ್ ಶಕ್ತಿ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಕಿಲ್ಲ. ಹಾಗೆಂದು ಅದನ್ನು ಕಾಡುಹಕ್ಕಿಗಳತ್ತ ತಿರುಗಿಸುವಂತಿಲ್ಲ, 1972ರ ವನ್ಯಜೀವಿ ಕಾಯ್ದೆಯಡಿ ಅದು ಅಪರಾಧ.

ಸ್ಕೋಪ್‌ಗೆಂದು ತೆಗೆದಿಟ್ಟ ಹಣದಲ್ಲಿ ಮೊದಲು ನಾಲ್ಕು ಬಗೆಯ ಪೆಲೆಟ್ ಡಬ್ಬಿ ಕೊಂಡು ಹೊಡೆದು ನೋಡಿ. ಪೆಲೆಟ್ ಸಾಮಾನ್ಯವಾಗಿ ಸೀಸದ್ದು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.