‘ನಿನ್ನೆ ಮೊನ್ನೆ’ ಎಂಬ ಮಾತು

‘ಮೊನ್ನೆ’ ಎಂದರೆ ನಿನ್ನೆಯ ಹಿಂದಿನ ದಿನ. ನಾವೆಲ್ಲರೂ ಹಾಗೆಂದೇ ಕಲಿತಿದ್ದೇವೆ. ಆದರೆ ಹತ್ತು ವರ್ಷಗಳ ಹಿಂದೆ ತೀರಿಕೊಂಡ ತಾಯಿಯನ್ನು ನೆನೆದು, ‘ಮೊನ್ನೆ ಮೊನ್ನೆ ಇಲ್ಲೇ ಜಪಸರ ಹಿಡಿದು ಕೂತಿದ್ದಳು’ ಎನ್ನುವ ಮಗನನ್ನು ಯಾರೂ ತಿದ್ದುವುದಿಲ್ಲ. ಎರಡು ಬಾರಿ ಉಚ್ಚರಿಸಿದೊಡನೆ ಆ ಪದ ಕ್ಯಾಲೆಂಡರಿನಿಂದ ಕಳಚಿಕೊಳ್ಳುತ್ತದೆ. ಆಮೇಲೆ ಅದು ಅಳೆಯುವುದು ದಿನಗಳನ್ನಲ್ಲ, ಅಗಲಿದವರು ಮನಸ್ಸಿಗೆ ಎಷ್ಟು ಸಮೀಪವಿದ್ದಾರೆ ಎಂಬುದನ್ನು.

ಈ ಗುಣ ಕನ್ನಡದ್ದು ಮಾತ್ರವಲ್ಲ. ಆದಿಕಾಂಡದ 31ನೆಯ ಅಧ್ಯಾಯದಲ್ಲಿ, ಲಾಬಾನನ ಮುಖಭಾವ ತನ್ನ ವಿಷಯದಲ್ಲಿ ಮೊದಲಿನಂತಿಲ್ಲವೆಂದು ಯಕೋಬನಿಗೆ ಮನವರಿಕೆಯಾಗುತ್ತದೆ. ಆ ‘ಮೊದಲು’ ಎಂಬುದಕ್ಕೆ ಹೀಬ್ರೂ ಮೂಲದಲ್ಲಿರುವ ನುಡಿಗಟ್ಟು ‘ತೆಮೋಲ್ ಶಿಲ್ಶೋಮ್’. ‘ತೆಮೋಲ್’ ಎಂದರೆ ನಿನ್ನೆ. ‘ಶಿಲ್ಶೋಮ್’ ಪದದಲ್ಲಿ ಮೂರು ಎಂಬ ಸಂಖ್ಯೆ ಅಡಗಿದೆ. ಇಂದನ್ನೂ ಸೇರಿಸಿ ಹಿಂದಕ್ಕೆ ಎಣಿಸಿದರೆ ಮೂರನೆಯ ದಿನ, ಅಂದರೆ ನಮ್ಮ ಮೊನ್ನೆಯೇ. ಯಕೋಬ ಆ ಮನೆಯಲ್ಲಿ ದುಡಿದದ್ದು 20 ವರ್ಷ. ಮಾವನ ಹಳೆಯ ವಿಶ್ವಾಸವೆಲ್ಲ ಒಂದು ‘ನಿನ್ನೆ ಮೊನ್ನೆ’ಯಲ್ಲಿ ಅಡಗಿಹೋಯಿತು! ಅನುವಾದದಲ್ಲಿ ‘ಮೊದಲು’ ಎಂದರೆ ಅರ್ಥಕ್ಕೇನೂ ಕೊರತೆಯಿಲ್ಲ. ಕಳೆದುಕೊಂಡವನ ನೋವು ಮಾತ್ರ ಕೊಂಚ ದೂರ ಸರಿಯುತ್ತದೆ.

ಬರವಣಿಗೆಯಲ್ಲಿ ನಾವು ಈ ಪದವನ್ನು ಬಿಟ್ಟು ‘ಇತ್ತೀಚೆಗೆ’ಯನ್ನು ಹಿಡಿದುಕೊಂಡಿದ್ದೇವೆ. ಸಮಾರಂಭಗಳ ವರದಿಗಳನ್ನು ಗಮನಿಸಿ: ಎಲ್ಲವೂ ‘ಇತ್ತೀಚೆಗೆ ವಿಜೃಂಭಣೆಯಿಂದ ಜರುಗಿತು’. ಮೊನ್ನೆಗಿರುವ ಖಚಿತತೆಯೂ ಇದಕ್ಕಿಲ್ಲ, ಆಪ್ತತೆಯೂ ಇಲ್ಲ. ಅಜ್ಜನ ಸನ್ಮಾನದ ಸುದ್ದಿಯನ್ನು ಕತ್ತರಿಸಿ ಆಲ್ಬಮ್ಮಿನಲ್ಲಿ ಅಂಟಿಸಿಟ್ಟ ಮನೆಯಲ್ಲಿ, ಮುಂದೊಂದು ದಿನ ಮೊಮ್ಮಗಳು ಅದು ಯಾವ ವರ್ಷವೆಂದು ಯಾರನ್ನು ಕೇಳಬೇಕು? ದಿನಾಂಕ ತಿಳಿದಿದ್ದರೆ ದಿನಾಂಕವನ್ನೇ ಬರೆಯಬಹುದಲ್ಲ.

ಹಾಗೆಂದು ಆಡುಮಾತೆಲ್ಲ ನಿರ್ಮಲವೆಂದು ನಾನು ವಾದಿಸಲಾರೆ. ಮಗನ ಬಾಯಲ್ಲಿ ತಾಯಿಯನ್ನು ಹತ್ತಿರ ತಂದ ಅದೇ ಪದ, ‘ನೀನು ನಿನ್ನೆ ಮೊನ್ನೆ ಬಂದವಳು’ ಎಂದಾಗ ಸೊಸೆಯನ್ನು ಹೊಸ್ತಿಲಾಚೆ ನಿಲ್ಲಿಸುತ್ತದೆ. ಆಸ್ತಿಯ ಮಾತು, ಮದುವೆಯ ಮಾತು, ಯಾವುದೇ ಇರಲಿ, ಆಕೆ ಬಾಯಿ ತೆರೆದೊಡನೆ ಇದೊಂದು ವಾಕ್ಯ ಸಿದ್ಧ. ಕೇರಿಗೆ ಹೊಸದಾಗಿ ಬಂದ ಸಂಸಾರಕ್ಕೂ ಇದೇ ಉತ್ತರ. ಇಲ್ಲಿ ಕಾಲ ಹಿಗ್ಗುವುದು ಪ್ರೀತಿಯಿಂದಲ್ಲ, ಹೇಳುವವರ ಅನುಕೂಲಕ್ಕಾಗಿ. ಆಕೆಯ ಮಕ್ಕಳೇ ಪ್ರಥಮ ಪರಮಪ್ರಸಾದ ಸ್ವೀಕರಿಸಿದ್ದರೂ ಆ ‘ಮೊನ್ನೆ’ ಮುಗಿಯುವುದಿಲ್ಲ. ಆಕೆ ಬಂದದ್ದು ಎಂದು ಎಂಬುದು ಮಾತ್ರ ದೇವಾಲಯದ ವಿವಾಹ ದಾಖಲೆ ಪುಸ್ತಕದಲ್ಲಿ ದಿನ, ತಿಂಗಳು, ವರ್ಷ ಸಮೇತ ಬರೆದಿರುತ್ತದೆ.