ಬನ್ನೇರುಘಟ್ಟ ರಸ್ತೆಯ ದುಡಿಮೆ, ಡಬ್ಲಿನ್‌ನ ತೆರಿಗೆ

ಜಾಗತಿಕ ಕನಿಷ್ಠ ತೆರಿಗೆಯನ್ನು ಮೆಚ್ಚುವವರು ಮೊದಲು ಹೆಸರಿಸುವುದು ಐರ್ಲೆಂಡನ್ನು. ಶೇ 12.5ರ ದರದಿಂದ ವಿದೇಶಿ ಕಂಪನಿಗಳನ್ನು ಸೆಳೆಯುತ್ತಿದ್ದ ಆ ದೇಶ, 75 ಕೋಟಿ ಯೂರೊಗೂ ಹೆಚ್ಚು ವಹಿವಾಟಿನ ಸಮೂಹಗಳಿಗೆ 2024ರಿಂದ ಶೇ 15 ವಿಧಿಸುತ್ತಿದೆ. 2021ರ ಅಕ್ಟೋಬರ್‌ನಲ್ಲಿ ಭಾರತವೂ ಸೇರಿ 136 ದೇಶಗಳು ಒಪ್ಪಿದ ಈ ಸೂತ್ರಕ್ಕೆ ಬಲವಿದೆ, ಒಪ್ಪೋಣ. ಆದರೆ ಆ ಹೆಚ್ಚುವರಿ ಹಣ ಸೇರಿದ್ದು ಐರ್ಲೆಂಡಿನ ಖಜಾನೆಗೇ.

ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಿಂದ ನೋಡಿದರೆ ಇದರ ಕೊರತೆ ಕಣ್ಣಿಗೆ ಹೊಡೆಯುತ್ತದೆ. ಬಹುರಾಷ್ಟ್ರೀಯ ಕಂಪನಿಯ ಇಲ್ಲಿನ ಕೇಂದ್ರ ಸಾಮಾನ್ಯವಾಗಿ ಮಾತೃಸಂಸ್ಥೆಗೆ ಸೇವೆ ಒದಗಿಸುತ್ತದೆ. ಖರ್ಚು, ಅದರ ಮೇಲೊಂದಿಷ್ಟು ಲಾಭ, ಅಷ್ಟೇ ಅದರ ಗಳಿಕೆ. ನೂರು ರೂಪಾಯಿ ಖರ್ಚಿಗೆ ಹದಿನೈದು ಲಾಭ ಎಂದಿಟ್ಟುಕೊಳ್ಳಿ. ಸರ್ಚಾರ್ಜ್, ಸೆಸ್ ಸೇರಿ ಶೇ 25.17ರಂತೆ ಭಾರತಕ್ಕೆ ಬರುವುದು ಸುಮಾರು 3 ರೂಪಾಯಿ 78 ಪೈಸೆ. ಇಲ್ಲಿನ ಎಂಜಿನಿಯರುಗಳು ಕಟ್ಟಿದ ಸಾಫ್ಟ್‌ವೇರಿನ ಒಡೆತನ ಡಬ್ಲಿನ್‌ನಲ್ಲಿದ್ದರೆ, ಅದು ಲೋಕವೆಲ್ಲ ಮಾರಾಟವಾಗಿ ತರುವ ಲಾಭದ ತೆರಿಗೆ ಅಲ್ಲಿಗೇ. ಕನಿಷ್ಠ ತೆರಿಗೆ ದರವನ್ನು ಏರಿಸಿತು, ಲಾಭ ಎಲ್ಲಿ ಕೂತಿದೆ ಎಂಬುದನ್ನು ಮುಟ್ಟಲಿಲ್ಲ. ಸಂಬಳ, ಆಸ್ತಿಗಳಿಗೆ ಅದು ಕೊಡುವ ವಿನಾಯಿತಿಯ ಲೆಕ್ಕವೂ ಆಯಾ ದೇಶದೊಳಗೇ ಮುಗಿಯುತ್ತದೆ. ಶೇ 15ಕ್ಕಿಂತ ಹೆಚ್ಚು ತೆರಿಗೆ ಕಟ್ಟುವ ಬೆಂಗಳೂರಿನ ಕೇಂದ್ರಕ್ಕೆ ಅದರಿಂದ ಬರುವುದೇನೂ ಇಲ್ಲ.

ನನ್ನನ್ನು ಹೆಚ್ಚು ಕಾಡುವುದು ಭಾರತ ಮಾಡಿಕೊಂಡ ಒಪ್ಪಂದ. ಗ್ರಾಹಕರಿರುವ ದೇಶಗಳಿಗೆ ಲಾಭದ ಪಾಲು ಕೊಡಬೇಕಿದ್ದ, ಅದೇ 2021ರ ಒಪ್ಪಂದದ ‘ಮೊದಲ ಕಂಬ’ ನಿಲ್ಲಲೇ ಇಲ್ಲ. ಅದನ್ನು ನೆಚ್ಚಿಕೊಂಡೇ ವಿದೇಶಿ ಡಿಜಿಟಲ್ ಕಂಪನಿಗಳ ಮೇಲಿನ ಶೇ 2ರ ಸಮೀಕರಣ ತೆರಿಗೆಯನ್ನು ತಾತ್ಕಾಲಿಕ ಎಂದಿದ್ದೆವು. ಆ ತೆರಿಗೆಯನ್ನು 2024ರ ಆಗಸ್ಟ್‌ನಲ್ಲಿ, ಜಾಹೀರಾತಿನ ಮೇಲಿನ ಶೇ 6ನ್ನು 2025ರ ಏಪ್ರಿಲ್‌ನಲ್ಲಿ ಕೈಬಿಟ್ಟೆವು. ಅತ್ತ ಅಮೆರಿಕ ತನ್ನ ಕಂಪನಿಗಳನ್ನು ಕನಿಷ್ಠ ತೆರಿಗೆ ವ್ಯವಸ್ಥೆಯ ಎರಡು ಮುಖ್ಯ ನಿಯಮಗಳಿಂದ 2026ರ ಜನವರಿಯಲ್ಲಿ ಹೊರಗಿಡಿಸಿಕೊಂಡಿತು. ಹಟ ಹಿಡಿದವರಿಗೆ ಫಲ ಸಿಕ್ಕಿತು.

ಕರ್ನಾಟಕದ 2024ರ ಜಿಸಿಸಿ (ಜಾಗತಿಕ ಸಾಮರ್ಥ್ಯ ಕೇಂದ್ರ) ನೀತಿ 2029ರೊಳಗೆ ಇನ್ನೂ 500 ಕೇಂದ್ರಗಳನ್ನು ತರುವ ಗುರಿಯಿಟ್ಟಿದೆ. ಉದ್ಯೋಗ ಬರಲಿ, ಬೇಕು. ಆದರೆ ಉತ್ಪನ್ನದ ನಿರ್ಧಾರಗಳೇ ಇಲ್ಲಿ ಆಗುತ್ತಿದ್ದರೆ ಖರ್ಚಿನ ಮೇಲಿನ ಲಾಭಕ್ಕೆ ತೃಪ್ತರಾಗಬೇಕಿಲ್ಲ. ಬೌದ್ಧಿಕ ಆಸ್ತಿಯನ್ನು ಬೆಳೆಸಿದವರಿಗೆ ಅದರ ಪ್ರತಿಫಲ ಸಲ್ಲಬೇಕೆಂದು ಶ್ರೀಮಂತ ದೇಶಗಳ ಸಂಘಟನೆಯಾದ ಒಇಸಿಡಿಯ 2015ರ ವರದಿಗಳೇ ಹೇಳಿವೆ. ನಮ್ಮ ತೆರಿಗೆ ಅಧಿಕಾರಿಗಳು ಹಿಡಿಯಬೇಕಾದ ಅಸ್ತ್ರ ಅದು.