ಮೆಂಡಲೀಫನ ಪಠ್ಯಗ್ರಂಥ

ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ 1867ರಲ್ಲಿ ಸಾಮಾನ್ಯ ರಸಾಯನಶಾಸ್ತ್ರದ ಪ್ರಾಧ್ಯಾಪಕನಾದ ಮೆಂಡಲೀಫನು ತನ್ನ ತರಗತಿಗೆ ತಕ್ಕ ಪಠ್ಯವನ್ನು ಕಾಣದೆ ತಾನೇ ಒಂದನ್ನು ರಚಿಸತೊಡಗಿದನು. ‘ರಸಾಯನಶಾಸ್ತ್ರದ ಮೂಲತತ್ತ್ವಗಳು’ ಎಂಬ ಆ ಗ್ರಂಥದ ಮೊದಲ ಭಾಗ ಮುಗಿದಾಗ, ಅಂದು ತಿಳಿದಿದ್ದ 63 ಧಾತುಗಳಲ್ಲಿ ಬಹುಪಾಲು ಇನ್ನೂ ಉಳಿದಿದ್ದುವು. ಕ್ಷಾರಲೋಹಗಳ ಪಾಠವಾದ ಬಳಿಕ ಮುಂದಿನದು ಯಾವುದು? ಬೋಧಕನ ಈ ಇಕ್ಕಟ್ಟೇ 1869ರಲ್ಲಿ ಆವರ್ತನಿಯಮಕ್ಕೆ ಎಡೆಮಾಡಿಕೊಟ್ಟಿತೆಂಬುದು ಇತಿಹಾಸದ ಅಧ್ಯಾಪಕರಾದ ನಮಗೆ ವಿಶೇಷ ಕುತೂಹಲದ ಸಂಗತಿ.

1891ರ ಇಂಗ್ಲಿಷ್ ಅನುವಾದದಲ್ಲಿ ಮೊದಲ ಅಧ್ಯಾಯ ನೀರನ್ನು ಕುರಿತದ್ದು. ಆವರ್ತನಿಯಮ ಬರುವುದು 15ನೆಯದರಲ್ಲಿ. ಅಷ್ಟರೊಳಗೆ ವಿದ್ಯಾರ್ಥಿಗೆ ಅಡಿಗೆಯ ಉಪ್ಪು, ಕ್ಲೋರೀನ್, ಸೋಡಿಯಮ್‌ಗಳ ಪರಿಚಯವಾಗಿರುತ್ತದೆ. ನಿಯಮದ ಅಗತ್ಯ ಅವನಿಗೇ ತೋರುತ್ತದೆ. ಇಂದಿನ ಪ್ರಾರಂಭದ ಪಠ್ಯಗಳಾದರೋ ಸಾಮಾನ್ಯವಾಗಿ ಕೋಷ್ಟಕವನ್ನು ಮುಂಚೆಯೇ ಕೈಗಿಡುತ್ತವೆ. ಎಲೆಕ್ಟ್ರಾನ್ ವಿನ್ಯಾಸ ತಿಳಿದಿರುವಾಗ ಹಾಗೆ ಮಾಡಲು ಕಾರಣವುಂಟು, ನಿಜ. ಆದರೂ ಪ್ರಶ್ನೆ ಹುಟ್ಟುವ ಮುನ್ನವೇ ದೊರೆತ ಉತ್ತರವನ್ನು ವಿದ್ಯಾರ್ಥಿ ಬಾಯಿಪಾಠ ಮಾಡದೆ ಮತ್ತೇನು ಮಾಡಿಯಾನು?

ಗ್ರಂಥದಲ್ಲಿ ದೋಷವಿಲ್ಲವೆಂದಲ್ಲ. ಎಷ್ಟೋ ಪುಟಗಳಲ್ಲಿ ಅಡಿಟಿಪ್ಪಣಿಗಳು ಮೂಲವನ್ನೇ ನುಂಗಿಹಾಕಿವೆ; ಹೊಸಬನು ಅವುಗಳಲ್ಲಿ ದಾರಿತಪ್ಪುವುದು ಸಹಜ. ಆದರೆ ಪ್ರೌಢವ್ಯಾಸಂಗಕ್ಕೆ ಬಂದವನು ಅದೇ ಪುಸ್ತಕಕ್ಕೆ ಮರಳಿದರೆ, ಅವನಿಗೆ ನಿಜವಾದ ಪಾಠ ದೊರೆಯುವುದು ಆ ಟಿಪ್ಪಣಿಗಳಲ್ಲಿಯೇ.